ಅಮೆರಿಕದಲ್ಲಿ ಕುಡಿಯೋಕೆ 21 ಯಾಕೆ? ಉತ್ತರ ಇರೋದು ರೋಡ್ ಮೇಲೆ

ಹೋದ ಸಲ ನ್ಯೂಜೆರ್ಸಿಲಿರೋ ನಮ್ಮಕ್ಕನ ಮನೆಗೆ ಹೋಗಿದ್ದಾಗ ಒಂದು ಶನಿವಾರ ಸಂಜೆ ಭಾವನ ಜತೆ ಲಿಕ್ಕರ್ ಸ್ಟೋರ್‌ಗೆ ಹೋಗಿದ್ದೆ, ಅಕ್ಕನ ಮಗನೂ ಬಂದಿದ್ದ, ಅವನೇ ಕಾರು ಓಡಿಸ್ಕೊಂಡು ಬಂದಿದ್ದು. ಭಾವ ಆರು ಬಾಟಲಿ ಬಿಯರ್ ಇರೋ ಡಬ್ಬ ತಗೊಂಡು ಕೌಂಟರ್ ಮೇಲೆ ಇಟ್ರು. ಕೌಂಟರ್‌ನಲ್ಲಿದ್ದೋನು ಭಾವನ ಲೈಸೆನ್ಸ್ ನೋಡಿದ, ನನ್ನದು ಕೇಳಿದ, ನಾನು ನಮ್ಮೂರ ಡ್ರೈವಿಂಗ್ ಲೈಸೆನ್ಸ್ ಕೊಟ್ಟೆ, ಇದು ನಡೆಯಲ್ಲ ಪಾಸ್‌ಪೋರ್ಟ್ ಬೇಕು ಅಂದ. ನನ್ನ ತಲೆಕೂದಲು ಅರ್ಧ ಬೆಳ್ಳಗಾಗಿದೆ, ಆದ್ರೂ ಕೇಳಿದ. ಆಮೇಲೆ ನಮ್ಮ ಹುಡುಗನ ಕಡೆ ತಿರುಗಿದ. ಅವನು ಲೈಸೆನ್ಸ್ ತೆಗೆದು ಕೊಟ್ಟ ತಕ್ಷಣ ಅದನ್ನ ಓದೋಕೂ ಹೋಗ್ಲಿಲ್ಲ, ಸುಮ್ಮನೆ ವಾಪಸ್ ಕೊಟ್ಟು ಬಿಲ್ ಹಾಕಲ್ಲ ಅಂತ ತಲೆ ಆಡಿಸಿದ.

ಯಾಕೆ ಓದ್ಲಿಲ್ಲ ಅಂದ್ರೆ ಓದೋ ಅಗತ್ಯನೇ ಇಲ್ಲ. ಅಲ್ಲಿ 21 ತುಂಬದವರ ಲೈಸೆನ್ಸ್ ಉದ್ದುದ್ದ ಇರತ್ತೆ, ದೊಡ್ಡವರದ್ದು ಅಡ್ಡಡ್ಡ. ಇವನಿಗೆ 21 ಆಗೋದು ಯಾವತ್ತು ಅನ್ನೋ ತಾರೀಖು ಕಾರ್ಡ್ ಮೇಲೇ ಬೇರೆಯಾಗಿ ಹೊಡೆದಿರ್ತಾರೆ. ದೂರದಿಂದ ಕಾರ್ಡಿನ ಆಕಾರ ನೋಡಿದ್ರೇ ಗೊತ್ತಾಗಿಬಿಡತ್ತೆ.

ಹುಡುಗನಿಗೆ ಈಗ 19. ಹುಟ್ಟಿದ್ದು ಅಲ್ಲೇ, ಹಾಗಾಗಿ ಅಲ್ಲಿನ ಪ್ರಜೆ. 17ಕ್ಕೆ ಕಾರು ಓಡಿಸೋಕೆ ಲೈಸೆನ್ಸ್ ಬಂತು, 18ಕ್ಕೆ ಓಟು ಬಂತು, ಅದೇ 18ಕ್ಕೆ ಸೈನ್ಯಕ್ಕೆ ಕರೆ ಬಂದ್ರೆ ಹೋಗೋಕೆ ಅಂತ ಸರ್ಕಾರದ ಲಿಸ್ಟಲ್ಲಿ ಹೆಸರು ಕೂಡ ಬರೆಸಿದಾನೆ, ಅಲ್ಲಿ ಗಂಡುಹುಡುಗರಿಗೆ ಅದು ಕಡ್ಡಾಯ. ಒಂದು ಬಿಯರ್ ತಗೊಳ್ಳೋಕೆ ಮಾತ್ರ ಇನ್ನೂ ಎರಡು ವರ್ಷ ಕಾಯಬೇಕು. ಜಗತ್ತಲ್ಲಿ ಹೆಚ್ಚಿನ ದೇಶಗಳು 18 ಅಂತ ಇಟ್ಕೊಂಡಿರೋವಾಗ ಅಮೆರಿಕ ಯಾಕೆ 21 ಹಿಡ್ಕೊಂಡು ಕೂತಿದೆ ಅಂತ ಅವತ್ತು ಮನೆಗೆ ಬಂದು ಊಟಕ್ಕೆ ಕೂತಾಗ ಚರ್ಚೆ ಶುರುವಾಯ್ತು. ಅಕ್ಕ ಅಂದ್ಲು, ಮೆದುಳು ಪೂರ್ತಿ ಬೆಳೆಯೋಕೆ 25 ವರ್ಷ ಬೇಕಂತೆ, ಅದಕ್ಕೆ. ಈ ಉತ್ತರ ಎಲ್ಲರ ಬಾಯಲ್ಲೂ ಇದೆ, ನಾನೂ ಅದನ್ನೇ ನಂಬಿದ್ದೆ. ಆದ್ರೆ ಆ ಕಾನೂನು ಬಂದಿದ್ದು 1984ರಲ್ಲಿ. ಹದಿಹರೆಯದವರ ಮೆದುಳನ್ನ ಎಂಆರ್‌ಐ ಸ್ಕ್ಯಾನ್‌ನಲ್ಲಿ ವರ್ಷಗಟ್ಟಲೆ ನೋಡಿ, ಇಪ್ಪತ್ತು ದಾಟಿದ ಮೇಲೂ ಬೆಳೀತಾ ಇರತ್ತೆ ಅಂತ ತೋರಿಸಿದ ಕೆಲಸ ಹೊರಗೆ ಬಂದಿದ್ದು 1990ರ ದಶಕದ ಕೊನೇಲಿ. ಅಂದ್ರೆ ಕಾನೂನು ಮೊದಲು ಬಂತು, ಮೆದುಳಿನ ಕಾರಣ ಹದಿನೈದು ವರ್ಷ ಆದ್ಮೇಲೆ ಬಂದು ಸೇರ್ಕೊಂಡಿತು. ಆ ಕಾರಣ ಸುಳ್ಳು ಅಂತ ನಾನು ಹೇಳ್ತಿಲ್ಲ, ಆದ್ರೆ 21 ಹುಟ್ಟಿದ್ದು ಅದರಿಂದಲ್ಲ.

ಹಾಗಾದ್ರೆ ಈ 21 ಎಲ್ಲಿಂದ ಬಂತು? ಮೂಲ ಹುಡುಕ್ತಾ ಹೋದ್ರೆ ಇಂಗ್ಲೆಂಡಿನ ಹಳೇ ಕಾನೂನು ಸಿಗತ್ತೆ, ಅಲ್ಲಿ ಗಂಡಸು ಪೂರ್ತಿ ವಯಸ್ಕ ಅನ್ನಿಸಿಕೊಳ್ತಿದ್ದಿದ್ದು 21ಕ್ಕೆ, ಆಸ್ತಿ ಕೈಗೆ ಬರೋದು, ಸ್ವಂತವಾಗಿ ಕರಾರು ಮಾಡ್ಕೊಳ್ಳೋದು ಎಲ್ಲಾ ಆಗ. ಅಮೆರಿಕಕ್ಕೂ ಅದೇ ಹೋಯ್ತು, ಓಟಿನ ವಯಸ್ಸೂ 21 ಆಯ್ತು. 1920ರಿಂದ 1933ರ ತನಕ ಅಲ್ಲಿ ದೇಶಕ್ಕೆ ದೇಶವೇ ಪಾನನಿಷೇಧ ಇತ್ತು, ಅದು ಕೈಕೊಟ್ಟು 1933ರ ಡಿಸೆಂಬರ್‌ನಲ್ಲಿ ಸಂವಿಧಾನದ 21ನೇ ತಿದ್ದುಪಡಿ ತಂದು ಅದನ್ನ ತೆಗೆದುಹಾಕಿದ್ರು, ಹೆಂಡದ ವಿಚಾರ ಇನ್ಮೇಲೆ ರಾಜ್ಯಗಳೇ ನೋಡ್ಕೊಳ್ಳಲಿ ಅಂತ ಬಿಟ್ರು. ಆಗ ಹೆಚ್ಚಿನ ರಾಜ್ಯಗಳು ಓಟಿನ ವಯಸ್ಸು ಎಷ್ಟಿತ್ತೋ ಅದನ್ನೇ ಎತ್ತಿ ಇಲ್ಲೂ ಹಾಕಿದ್ವು. ಆವಾಗ ಯಾರೂ ಅಪಘಾತದ ಲೆಕ್ಕ ಹಿಡ್ಕೊಂಡು ಕೂತಿರಲಿಲ್ಲ.

ಈ ವ್ಯವಸ್ಥೆ ಅಲುಗಾಡಿದ್ದು ಯುದ್ಧದಿಂದ. ಎರಡನೇ ಮಹಾಯುದ್ಧದ ಟೈಮಲ್ಲಿ, 1942ರಲ್ಲಿ, ಸೈನ್ಯಕ್ಕೆ ಕಡ್ಡಾಯವಾಗಿ ಕರೆಸೋ ವಯಸ್ಸನ್ನ 18ಕ್ಕೆ ಇಳಿಸಿದ್ರು, ಆದ್ರೆ ಓಟು 21ಕ್ಕೇ ಉಳೀತು. ಸಾಯೋಕೆ 18 ಸಾಕು, ಓಟು ಹಾಕೋಕೆ ಮಾತ್ರ 21 ಬೇಕಾ ಅನ್ನೋ ಸಿಟ್ಟು ಅವತ್ತೇ ಶುರುವಾಗಿದ್ದು, ವಿಯೆಟ್ನಾಂ ಯುದ್ಧದಲ್ಲಿ ಹೆಣಗಳು ಬರೋಕೆ ಶುರುವಾದ್ಮೇಲೆ ಅದನ್ನ ಯಾರ ಕೈಲೂ ತಡೆಯೋಕಾಗ್ಲಿಲ್ಲ. 1971ರಲ್ಲಿ 26ನೇ ತಿದ್ದುಪಡಿ ಬಂತು, ಓಟು 18ಕ್ಕೆ ಇಳೀತು, ರಾಜ್ಯಗಳು ನೂರು ದಿನದ ಆಸುಪಾಸಲ್ಲೇ ಅದಕ್ಕೆ ಒಪ್ಪಿಗೆ ಕೊಟ್ಟುಬಿಟ್ವು, ಅಷ್ಟು ಬೇಗ ಯಾವ ತಿದ್ದುಪಡಿಯೂ ಪಾಸಾಗಿಲ್ಲ. ಓಟು ಇಳಿದ ಮೇಲೆ ಅದರ ಹಿಂದೇನೇ ಕುಡಿಯೋ ವಯಸ್ಸೂ ಇಳೀತು. 1970ರಿಂದ 75ರ ಒಳಗೆ 30ರ ಹತ್ತಿರ ರಾಜ್ಯಗಳು 18ಕ್ಕೋ 19ಕ್ಕೋ 20ಕ್ಕೋ ಇಳಿಸಿದ್ವು. ನಮ್ಮಕ್ಕ ಇರೋ ನ್ಯೂಜೆರ್ಸಿ 1973ರಲ್ಲಿ 18 ಮಾಡ್ತು. ಪಕ್ಕದ ನ್ಯೂಯಾರ್ಕ್‌ನಲ್ಲಿ ಮೊದಲಿಂದಲೂ 18. ಈ ಕಡೆ ಪಕ್ಕದ ಪೆನ್ಸಿಲ್ವೇನಿಯಾ ಮಾತ್ರ 21 ಬಿಟ್ಟು ಅಲ್ಲಾಡ್ಲಿಲ್ಲ.

ಈಗ ಈ ಮೂರು ರಾಜ್ಯಗಳ ಮ್ಯಾಪ್ ಕಣ್ಣ ಮುಂದೆ ಇಟ್ಕೊಳ್ಳಿ. ಮಧ್ಯೆ ನದಿ, ಮೇಲೆ ಸೇತುವೆ, ಗಡಿ ದಾಟಕ್ಕೆ ಚೆಕ್‌ಪೋಸ್ಟ್ ಏನೂ ಇಲ್ಲ. ಪೆನ್ಸಿಲ್ವೇನಿಯಾದ 18ರ ಹುಡುಗನಿಗೆ ಅವನೂರಲ್ಲಿ ಬಿಯರ್ ಸಿಗಲ್ಲ, ಅರ್ಧ ಗಂಟೆ ಕಾರು ಓಡಿಸಿದ್ರೆ ಸಿಗತ್ತೆ. ಹೋಗ್ತಾ ಏನೂ ತೊಂದ್ರೆ ಇಲ್ಲ, ಅಲ್ಲಿ ಕುಡಿದು, ರಾತ್ರಿ ಒಂದಕ್ಕೋ ಎರಡಕ್ಕೋ, ನಾಲ್ಕು ಜನ ಫ್ರೆಂಡ್ಸ್‌ನ ತುಂಬ್ಕೊಂಡು ಹೈವೇ ಮೇಲೆ ವಾಪಸ್ ಬರಬೇಕಲ್ಲ, ಸಾಯ್ತಿದ್ದಿದ್ದು ಆ ವಾಪಸ್ ಬರೋ ದಾರೀಲಿ. ಈ ಗಡಿಗಳಿಗೆ ಅಲ್ಲಿನವರು ಆಗ ರಕ್ತದ ಗಡಿ ಅಂತಲೇ ಹೆಸರಿಟ್ಟಿದ್ರು. ಅಪಘಾತ ಜಾಸ್ತಿ ಆಗಿದ್ದು ನೋಡಿ ಕೆಲವು ರಾಜ್ಯಗಳು ತಾವಾಗೇ ವಾಪಸ್ ಏರಿಸೋಕೆ ಶುರು ಮಾಡಿದ್ವು, ಮಿಷಿಗನ್‌ನಲ್ಲಿ 1978ರಲ್ಲಿ ಜನರೇ ಓಟು ಹಾಕಿ 21ಕ್ಕೆ ತಂದ್ರು. ನ್ಯೂಜೆರ್ಸಿ 1983ರಲ್ಲಿ 21 ಮಾಡ್ತು, ಆಗ ಏನಾಯ್ತು, ನ್ಯೂಯಾರ್ಕ್ ಅಷ್ಟೊತ್ತಿಗೆ 18ರಿಂದ 19ಕ್ಕೆ ಮಾತ್ರ ಏರಿತ್ತಲ್ಲ, ಇಲ್ಲಿನ ಹುಡುಗರು ಸೇತುವೆ ದಾಟಿ ಆ ಕಡೆ ಹೋಗೋಕೆ ಶುರು ಮಾಡಿದ್ರು. ಒಂದು ರಾಜ್ಯ ತನ್ನ ಪಾಡಿಗೆ ತಾನು ಎಷ್ಟೇ ಒಳ್ಳೆ ಕಾನೂನು ಮಾಡಿದ್ರೂ ಪಕ್ಕದ ರಾಜ್ಯ ಒಪ್ಪದೇ ಇದ್ರೆ ಅದು ಗಡೀಲೇ ಸೋರಿಹೋಗ್ತಿತ್ತು. ಈ ಕಾನೂನನ್ನ ದೇಶಕ್ಕೆಲ್ಲ ತರಬೇಕು ಅಂತ ಸೆನೆಟ್‌ನಲ್ಲಿ ಮುಂದೆ ನಿಂತು ಓಡಾಡಿದ ಫ್ರಾಂಕ್ ಲಾಟನ್‌ಬರ್ಗ್ ಇದೇ ನ್ಯೂಜೆರ್ಸಿಯವರು ಅನ್ನೋದು ಆಶ್ಚರ್ಯ ಏನಲ್ಲ.

ಇದರ ಮಧ್ಯೆ 1980ರ ಮೇ 3ಕ್ಕೆ ಕ್ಯಾಲಿಫೋರ್ನಿಯಾದ ಫೇರ್ ಓಕ್ಸ್ ಅನ್ನೋ ಊರಲ್ಲಿ 13 ವರ್ಷದ ಕ್ಯಾರಿ ಲೈಟ್ನರ್ ಅನ್ನೋ ಹುಡುಗಿ ಚರ್ಚಿನ ಜಾತ್ರೆಗೆ ಅಂತ ರಸ್ತೆ ಪಕ್ಕ ನಡ್ಕೊಂಡು ಹೋಗ್ತಿದ್ಲು. ಹಿಂದಿನಿಂದ ಬಂದ ಕಾರು ಹೊಡೀತು, ನಿಲ್ಲಿಸದೇ ಹೋಯ್ತು. ಓಡಿಸ್ತಿದ್ದೋನು ಕುಡಿದಿದ್ದ. ಮುಂಚೆನೂ ಕುಡಿದು ಓಡಿಸಿ ಸಿಕ್ಕಿಬಿದ್ದಿದ್ದ, ಇನ್ನೊಂದು ಗುದ್ದಿ ಓಡಿಹೋದ ಕೇಸಲ್ಲಿ ಬೇಲ್ ಮೇಲೆ ಹೊರಗೆ ಬಂದು ಎರಡು ದಿನ ಆಗಿತ್ತಷ್ಟೇ. ಆಗಿನ ಕಾಲಕ್ಕೆ ಕುಡಿದು ಓಡಿಸೋದು ಅಂದ್ರೆ ಅಲ್ಲಿನ ಪೊಲೀಸರಿಗೂ ಜಡ್ಜುಗಳಿಗೂ ಅಷ್ಟು ದೊಡ್ಡ ವಿಷಯ ಆಗಿರಲಿಲ್ಲ. ಹುಡುಗಿಯ ತಾಯಿ ಕ್ಯಾಂಡಿ ಲೈಟ್ನರ್ ಅದೇ ವರ್ಷ ಮ್ಯಾಡ್ ಅನ್ನೋ ಸಂಘ ಕಟ್ಟಿದ್ರು, ಕುಡಿದು ಓಡಿಸೋರ ವಿರುದ್ಧ ತಾಯಂದಿರು ಅಂತ ಅದರ ಅರ್ಥ. ಸತ್ತ ಮಕ್ಕಳ ಫೋಟೋ ಹಿಡ್ಕೊಂಡು ಊರೂರಿಗೆ ಹೋದ್ರು, ಕೋರ್ಟುಗಳಲ್ಲಿ ಕೂತ್ರು, ಟಿವಿಗೆ ಬಂದ್ರು. ಎರಡೇ ವರ್ಷದಲ್ಲಿ ಅಧ್ಯಕ್ಷ ರೇಗನ್ ಕುಡಿದು ಓಡಿಸೋದರ ಬಗ್ಗೆನೇ ಒಂದು ಆಯೋಗ ಮಾಡಬೇಕಾಯ್ತು, ಆ ಆಯೋಗ ಕೊಟ್ಟ ಸಲಹೆಗಳಲ್ಲಿ ಒಂದು 21.

ಇಲ್ಲೊಂದು ವಿಷಯ ನನಗೆ ಬಹಳ ದಿನ ತಲೇಲಿ ಕೊರೀತು. ಕ್ಯಾರಿಯನ್ನ ಕೊಂದವನು ಹುಡುಗನಲ್ಲ, ನಲವತ್ತು ದಾಟಿದವನು. 21ರ ಕಾನೂನು ಅವತ್ತೇ ಇದ್ದಿದ್ರೂ ಅವನ ಕೈಯಿಂದ ಬಾಟಲಿ ಕಿತ್ಕೊಳ್ತಿರಲಿಲ್ಲ. ಹಾಗಿದ್ದೂ ಆ ಸಿಟ್ಟೆಲ್ಲ ಹೋಗಿ ಹುಡುಗರ ಮೇಲೆ ಯಾಕೆ ನಿಂತಿತು? ಎರಡು ಕಾರಣ ಕಾಣತ್ತೆ. ಒಂದು, ಲೆಕ್ಕ ನಿಜವಾಗ್ಲೂ ಹುಡುಗರ ವಿರುದ್ಧ ಇತ್ತು, ಹದಿಹರೆಯದ ಡ್ರೈವರ್‌ಗಳು ಜನಸಂಖ್ಯೇಲಿ ಇರೋದಕ್ಕಿಂತ ಎಷ್ಟೋ ಜಾಸ್ತಿ ಪಾಲು ಆ ಸಾವುಗಳಲ್ಲಿ ಇದ್ರು. ಇನ್ನೊಂದು ರಾಜಕೀಯ. ನಲವತ್ತರ ಗಂಡಸಿನ ಕುಡಿತಕ್ಕೆ ಕೈ ಹಾಕಿದ್ರೆ ಓಟು ಹೋಗತ್ತೆ, ಹೋಟೆಲಿನವರು ಬಾರಿನವರು ಎದ್ದು ನಿಲ್ತಾರೆ, 19ರ ಹುಡುಗನ ಕುಡಿತಕ್ಕೆ ಕೈ ಹಾಕಿದ್ರೆ ಅಷ್ಟೇನೂ ಹೋಗಲ್ಲ, ಅವನು ಓಟು ಹಾಕೋಕೆ ಬರೋದೂ ಕಡಿಮೆ. ಈ ಎರಡನೇ ಕಾರಣ ಯಾವ ಸರ್ಕಾರಿ ಕಾಗದದಲ್ಲೂ ಬರೆದಿರಲ್ಲ, ಇದು ನನ್ನ ಅನಿಸಿಕೆ, ಆದ್ರೆ ಇದನ್ನ ಬಿಟ್ರೆ ಕಥೆ ಪೂರ್ತಿ ಆಗಲ್ಲ ಅಂತ ನನಗನ್ಸತ್ತೆ.

ಇನ್ನು ಕಾನೂನು ಮಾಡಿದ ರೀತಿ ನೋಡಿ. ಮೇಲೆ ಹೇಳಿದ ಹಾಗೆ ಹೆಂಡದ ವಿಚಾರ ರಾಜ್ಯಗಳ ಕೈಲಿತ್ತು, ದೆಹಲಿ ಇದ್ದ ಹಾಗೆ ಅವರಿಗೆ ವಾಷಿಂಗ್ಟನ್, ಅಲ್ಲಿ ಕೂತು ಇನ್ಮೇಲೆ ಎಲ್ಲರೂ 21 ಮಾಡಿ ಅಂತ ಸುಮ್ಮನೆ ಆರ್ಡರ್ ಹೊರಡಿಸಿದ್ರೆ ಕೋರ್ಟಲ್ಲಿ ನಿಲ್ಲತ್ತಾ ಅನ್ನೋ ಡೌಟಿತ್ತು. ಅದಕ್ಕೆ ದುಡ್ಡಿನ ದಾರಿ ಹಿಡಿದ್ರು. 1984ರ ಜುಲೈ 17ಕ್ಕೆ ರೇಗನ್ ಸಹಿ ಹಾಕಿದ ಕಾನೂನು ಆಗ ಏನು ಹೇಳ್ತಿತ್ತು ಅಂದ್ರೆ, ನಿಮ್ಮ ರಾಜ್ಯದಲ್ಲಿ 21 ಆಗದವರು ಹೆಂಡ ಕೊಳ್ಳೋಕೆ, ಸಾರ್ವಜನಿಕವಾಗಿ ಕೈಲಿಟ್ಕೊಳ್ಳೋಕೆ ಬಿಟ್ರೆ ನಿಮಗೆ ಬರೋ ಹೆದ್ದಾರಿ ಅನುದಾನದಲ್ಲಿ ಮೊದಲ ವರ್ಷ 5 ಪರ್ಸೆಂಟ್ ಕಟ್, ಆಮೇಲೆ 10 ಪರ್ಸೆಂಟ್ ಕಟ್. ರಾಜ್ಯಗಳ ಹಕ್ಕು ರಾಜ್ಯಗಳಿಗೇ ಇರಲಿ ಅಂತ ಜೀವಮಾನ ಪೂರ್ತಿ ಹೇಳ್ಕೊಂಡು ಬಂದಿದ್ದ ರೇಗನ್ ಮೊದಲು ಇದಕ್ಕೆ ವಿರೋಧ ಇದ್ದವರು, ಕೊನೆಗೆ ಅವರೇ ಸಹಿ ಹಾಕಿದ್ರು.

ಸೌತ್ ಡಕೋಟ ಕೋರ್ಟಿಗೆ ಹೋಯ್ತು. ಅಲ್ಲಿ 19 ತುಂಬಿದವರಿಗೆ ಕಡಿಮೆ ಆಲ್ಕೋಹಾಲಿನ, 3.2 ಪರ್ಸೆಂಟ್ ಬಿಯರ್ ಮಾರಬಹುದಿತ್ತು. 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 7-2ರಲ್ಲಿ ಕೇಂದ್ರದ ಪರ ತೀರ್ಪು ಕೊಡ್ತು. ಒಟ್ಟು ದುಡ್ಡಲ್ಲಿ ಸಣ್ಣ ಭಾಗ ತಡೆಹಿಡಿದ್ರೆ ಅದು ಬಲವಂತ ಆಗಲ್ಲ, ಒತ್ತಾಯ ಅಷ್ಟೇ, ಅದೂ ಅಲ್ಲದೆ ಹೆದ್ದಾರಿ ದುಡ್ಡಿಗೂ ಹೆದ್ದಾರಿ ಸುರಕ್ಷತೆಗೂ ನೇರ ಸಂಬಂಧ ಇದೆ ಅನ್ನೋದು ಕೋರ್ಟಿನ ವಾದದ ತಿರುಳು. ನಮ್ಮಲ್ಲಿ ಕೇಂದ್ರದ ಅನುದಾನಕ್ಕೆ ರಾಜ್ಯಗಳು ಕಾಯೋದು ನೋಡಿದವರಿಗೆ ಆ ಒತ್ತಾಯದ ತೂಕ ಬೇಗ ಅರ್ಥ ಆಗತ್ತೆ. ಒಂದೊಂದೇ ರಾಜ್ಯ ಬಗ್ಗಿತು, 1988ರಲ್ಲಿ ಕೊನೇದಾಗಿ ವಯೋಮಿಂಗ್ ಬಂತು. ಆದ್ರೆ ರಾಜ್ಯ ಅಲ್ಲದಿದ್ರೂ ಅಮೆರಿಕಕ್ಕೇ ಸೇರಿದ ಪೋರ್ಟೊರಿಕೊ ದ್ವೀಪ ದುಡ್ಡು ಹೋದ್ರೆ ಹೋಗ್ಲಿ ಅಂತ ಇವತ್ತಿಗೂ 18ರಲ್ಲೇ ಇದೆ.

ಕಾನೂನಿನ ಮಾತನ್ನ ಇನ್ನೊಂದ್ಸಲ ಗಮನಿಸಿ, ಕೊಳ್ಳೋದು ಮತ್ತು ಸಾರ್ವಜನಿಕವಾಗಿ ಇಟ್ಕೊಳ್ಳೋದು. ಕುಡಿಯೋದು ಅಂತ ಅದರಲ್ಲಿಲ್ಲ. ಎಷ್ಟೋ ರಾಜ್ಯಗಳಲ್ಲಿ ಮನೇಲಿ ಅಪ್ಪ ಅಮ್ಮ ಕೊಟ್ರೆ ಕುಡಿಯೋದು ಅಪರಾಧ ಅಲ್ಲ, ವಿಸ್ಕಾನ್ಸಿನ್‌ನಲ್ಲಂತೂ ಅಪ್ಪ ಅಮ್ಮ ಜತೇಲಿದ್ರೆ ಬಾರಲ್ಲೂ ಕೊಡಬಹುದು. ಆರೋಗ್ಯದ ಚಿಂತೆಯಿಂದ ಮಾಡಿದ ಕಾನೂನು ಆಗಿದ್ರೆ ಮನೇಲಿ ಕುಡಿದ್ರೂ ಲಿವರ್ ಲಿವರೇ ಅಲ್ವಾ, ಮೆದುಳು ಮೆದುಳೇ ಅಲ್ವಾ. ಮನೇಲಿ ಕೂತು ಕುಡಿದವನು ಕಾರು ಹತ್ತಲ್ಲ, ಈ ಕಾನೂನಿನ ಕಣ್ಣಿರೋದು ಕಾರಿನ ಮೇಲೆ.

ಕೆಲಸ ಮಾಡ್ತಾ ಅಂತ ಕೇಳಿದ್ರೆ, ಮಾಡ್ತು ಅಂತಲೇ ನಾನು ಹೇಳ್ತೀನಿ, ಆದ್ರೆ ಅಲ್ಲಿನವರು ಹೇಳುವಷ್ಟು ಸಲೀಸಾಗಿ ಅಲ್ಲ. 21ಕ್ಕೆ ಏರಿಸಿದ ರಾಜ್ಯಗಳಲ್ಲಿ ವಾಹನ ಅಪಘಾತ ಸುಮಾರು 16 ಪರ್ಸೆಂಟ್ ಇಳೀತು ಅಂತ ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಹೇಳತ್ತೆ. 1975ರಿಂದ ಈಚೆಗೆ ಉಳಿದ ಜೀವಗಳು 30 ಸಾವಿರಕ್ಕೂ ಹೆಚ್ಚು ಅನ್ನೋದು ಅಲ್ಲಿನ ಹೆದ್ದಾರಿ ಸುರಕ್ಷತಾ ಇಲಾಖೆಯ ಅಂದಾಜು. ಆದ್ರೆ ಅದೇ ವರ್ಷಗಳಲ್ಲಿ ಇನ್ನೂ ಏನೇನೋ ಆಯ್ತು, 1984ರಿಂದ ಸೀಟ್ ಬೆಲ್ಟ್ ಕಡ್ಡಾಯ ಒಂದೊಂದೇ ರಾಜ್ಯಕ್ಕೆ ಬಂತು, ಪೊಲೀಸ್ ತಪಾಸಣೆ ಜಾಸ್ತಿ ಆಯ್ತು, ಕುಡಿದು ಓಡಿಸೋದು ನಾಚಿಕೆಗೇಡು ಅನ್ನೋ ಭಾವನೆ ಬಂತು, ಇದರಲ್ಲಿ ಮ್ಯಾಡ್ ತಾಯಂದಿರ ಪಾಲು ದೊಡ್ಡದು, ಆಮೇಲೆ 1998ರ ಹೊತ್ತಿಗೆ ಎಲ್ಲಾ ರಾಜ್ಯಗಳಲ್ಲೂ 21ರ ಒಳಗಿನವರು ಒಂದು ತೊಟ್ಟು ಕುಡಿದು ಓಡಿಸಿದ್ರೂ ಸಿಕ್ಕಿಬೀಳೋ ಹಾಗೆ ಕಾನೂನು ಬಂತು. ಪಕ್ಕದ ಕೆನಡಾದಲ್ಲಿ ಕುಡಿಯೋ ವಯಸ್ಸು ಇವತ್ತಿಗೂ 18 ಅಥವಾ 19, ಅಲ್ಲೂ ಆ ವರ್ಷಗಳಲ್ಲಿ ಕುಡಿದು ಓಡಿಸಿ ಸಾಯೋರು ಕಡಿಮೆ ಆದ್ರು. ಹಾಗಾಗಿ ಉಳಿದ ಜೀವಗಳನ್ನೆಲ್ಲ 21ರ ಲೆಕ್ಕಕ್ಕೇ ಬರೆಯೋಕಾಗಲ್ಲ.

ಉಲ್ಟಾ ದಿಕ್ಕಲ್ಲಿ ಹೋದ ದೇಶ ನ್ಯೂಜಿಲೆಂಡ್. 1999ರ ಡಿಸೆಂಬರ್‌ನಲ್ಲಿ 20ರಿಂದ 18ಕ್ಕೆ ಇಳಿಸಿದ್ರು, ಆಮೇಲಿನ ವರ್ಷಗಳಲ್ಲಿ ಹದಿಹರೆಯದವರ ಅಪಘಾತದ ಗಾಯಗಳು ಜಾಸ್ತಿ ಆಗಿದ್ದನ್ನ ಅಲ್ಲಿನ ಸಂಶೋಧಕರು ತೋರಿಸಿದ್ರು. ಆಗ ಅಲ್ಲಿ ಕಾರಿನ ಲೈಸೆನ್ಸ್‌ಗೆ ದಾರಿ ತೆರೀತಿದ್ದಿದ್ದು ಎಷ್ಟು ವಯಸ್ಸಿಗೆ ಅಂದ್ರೆ 15ಕ್ಕೆ. 2011ರಲ್ಲಿ ಅದನ್ನ 16 ಮಾಡಿದ್ರು. ಜರ್ಮನಿ ನೋಡಿ, ಅಲ್ಲಿ 16ಕ್ಕೆ ಬಿಯರ್, ವೈನ್ ಕೊಳ್ಳಬಹುದು, ಒಬ್ಬನೇ ಕಾರು ಓಡಿಸೋಕೆ ಮಾತ್ರ 18 ಆಗಬೇಕು. ಅಂದ್ರೆ ಹುಡುಗ ಮೊದಲು ಕುಡಿತ ಏನು ಅಂತ ನೋಡ್ತಾನೆ, ಆಗ ಅವನು ಓಡಾಡೋದು ಟ್ರೇನಲ್ಲಿ, ಸೈಕಲ್ಲಲ್ಲಿ. ಅಮೆರಿಕದಲ್ಲಿ ಇದು ತಿರುಗುಮುರುಗು, ಹೆಚ್ಚಿನ ರಾಜ್ಯಗಳಲ್ಲಿ 16ಕ್ಕೇ ಸ್ಟಿಯರಿಂಗ್ ಕೈಗೆ ಬರತ್ತೆ, ಬರಲೇಬೇಕು, ಯಾಕಂದ್ರೆ ನ್ಯೂಯಾರ್ಕ್ ತರದ ಊರು ಬಿಟ್ರೆ ಸ್ಕೂಲಿಗೂ ಕೆಲಸಕ್ಕೂ ಹಾಲು ತರೋಕೂ ಕಾರೇ ಬೇಕು. ಅಕ್ಕನ ಮನೆಯಿಂದ ಹತ್ತಿರದ ಬಸ್ ಸ್ಟಾಪಿಗೆ ನಾನು ಒಂದ್ಸಲ ನಡೆದು ನೋಡಿದೆ, ಮುಕ್ಕಾಲು ಗಂಟೆ ಆಯ್ತು, ಅರ್ಧ ದಾರೀಲಿ ಫುಟ್‌ಪಾತೇ ಇಲ್ಲ. ಕಾರನ್ನ ಹಿಂದಕ್ಕೆ ತಗೊಳ್ಳೋಕಾಗದ ದೇಶ ಬಾಟಲಿಯನ್ನ ಹಿಂದಕ್ಕೆ ತಗೊಳ್ತು ಅನ್ನೋದು ನನ್ನ ಲೆಕ್ಕ.

ಇದಕ್ಕೆ ಕಟ್ಟಿದ ಬೆಲೆನೂ ಇದೆ. 2008ರಲ್ಲಿ ನೂರಕ್ಕೂ ಹೆಚ್ಚು ಕಾಲೇಜುಗಳ ಮುಖ್ಯಸ್ಥರು ಸೇರಿ, ಮಿಡಲ್‌ಬರಿ ಕಾಲೇಜಿನ ಅಧ್ಯಕ್ಷರಾಗಿದ್ದ ಜಾನ್ ಮೆಕಾರ್ಡೆಲ್ ಮುಂದಾಳತ್ವದಲ್ಲಿ, 21ರ ಬಗ್ಗೆ ಮತ್ತೆ ಚರ್ಚೆ ಮಾಡಿ ಅಂತ ಹೇಳಿಕೆ ಕೊಟ್ರು. ಹುಡುಗರು ಕುಡಿಯೋದು ನಿಂತಿಲ್ಲ, ಹಾಸ್ಟೆಲ್ ರೂಮಿನ ಬಾಗಿಲ ಹಿಂದೆ ಹೋಗಿದೆ, ಪಾರ್ಟಿಗೆ ಹೋಗೋ ಮುಂಚೆ ರೂಮಲ್ಲೇ ಗಟಗಟ ಕುಡಿದು ಹೋಗ್ತಾರೆ, ಒಬ್ಬ ಪ್ರಜ್ಞೆ ತಪ್ಪಿದ್ರೆ ಆಂಬುಲೆನ್ಸ್ ಕರೆಯೋಕೆ ಜತೇಲಿದ್ದವರು ಹೆದರ್ತಾರೆ, ಇದು ಆ ಕಡೆಯವರ ದೂರು. ಈ ಕೊನೇ ಮಾತು ನಿಜಕ್ಕೂ ಸಂಕಟದ್ದು, ಸಹಾಯ ಕೇಳಿದವರ ಮೇಲೆ ಕೇಸ್ ಹಾಕಬಾರದು ಅಂತ ಎಷ್ಟೋ ರಾಜ್ಯಗಳು ಆಮೇಲೆ ಪ್ರತ್ಯೇಕ ಕಾನೂನು ಮಾಡಬೇಕಾಯ್ತು. ವಯಸ್ಸು ಮಾತ್ರ ಇಳೀಲಿಲ್ಲ. ಮೊದಲು ರಸ್ತೆ ಅಂತ ಬಂದ ಕಾನೂನಿಗೆ ಅಷ್ಟರಲ್ಲಿ ಮೆದುಳು ಅನ್ನೋ ಎರಡನೇ ಕಾಲು ಬಂದಿತ್ತು.

ನಮ್ಮ ಕರ್ನಾಟಕದಲ್ಲಿ ಈ ವಯಸ್ಸು ಎಷ್ಟು ಅಂತ ಕೇಳಿದ್ರೆ ಎರಡು ಉತ್ತರ ಸಿಗತ್ತೆ. 1965ರ ಅಬಕಾರಿ ಕಾಯ್ದೇಲಿ 18 ಆಗದವರಿಗೆ ಮಾರಬಾರದು ಅಂತಿದೆ, ಅದರ ಕೆಳಗೆ ಬಂದ 1967ರ ಲೈಸೆನ್ಸ್ ನಿಯಮಗಳಲ್ಲಿ 21 ಆಗದವರಿಗೆ ಮಾರಬಾರದು ಅಂತಿದೆ. 2023ರ ಜನವರೀಲಿ ಸರ್ಕಾರ ಇದನ್ನ 18ಕ್ಕೆ ತರೋಕೆ ಕರಡು ಹೊರಡಿಸ್ತು, ಜನ ಗಲಾಟೆ ಮಾಡಿದ್ರು, ಕೆಲವೇ ದಿನಕ್ಕೆ ವಾಪಸ್ ತಗೊಂಡ್ರು. ಆ ದಿನಗಳಲ್ಲಿ ನಾನು ನೋಡಿದ ಟಿವಿ ಚರ್ಚೆ, ಫೇಸ್‌ಬುಕ್ ಜಗಳ ಎಲ್ಲದರಲ್ಲೂ ಒಂದು ಕಡೆಯವರು ಸಂಸ್ಕೃತಿ ಹಾಳಾಗತ್ತೆ ಅಂದ್ರು, ಇನ್ನೊಂದು ಕಡೆಯವರು ಓಟು ಹಾಕೋಕೆ 18 ಸಾಕು ಇದಕ್ಯಾಕೆ ಬೇಡ ಅಂದ್ರು, ಅಮೆರಿಕದಲ್ಲಿ 1971ರಲ್ಲಿ ಎದ್ದ ಅದೇ ವಾದ. ಬೈಕ್ ಬಗ್ಗೆ ಮಾತಾಡಿದವರು ನನ್ನ ಕಣ್ಣಿಗೆ ಬೀಳಲಿಲ್ಲ. ನಮ್ಮಲ್ಲಿ ಗೇರ್ ಬೈಕಿಗೂ ಕಾರಿಗೂ ಲೈಸೆನ್ಸ್ ಸಿಗೋದು 18ಕ್ಕೆ, ಅಂದ್ರೆ ಆ ಕರಡು ಪಾಸಾಗಿದ್ರೆ ಬೈಕಿನ ಕೀ ಮತ್ತೆ ಕ್ವಾರ್ಟರ್ ಬಾಟಲಿ ಒಂದೇ ಹುಟ್ಟುಹಬ್ಬಕ್ಕೆ ಒಂದೇ ಕೈಗೆ ಬರ್ತಿತ್ತು. ದೆಹಲೀಲಿ 25, ಗೋವಾದಲ್ಲಿ 18, ಕೇರಳದಲ್ಲಿ 2017ರಿಂದ 23. ನಮ್ಮಲ್ಲೂ ಹೆಂಡ ರಾಜ್ಯಗಳ ವಿಷಯವೇ, ಹಾಗಾಗಿ ಕಾರವಾರದ ಹುಡುಗನಿಗೂ ಗೋವಾ ಗಡಿ ಒಂದು ಬೈಕ್ ಸವಾರಿಯಷ್ಟು ದೂರ.

ನಮ್ಮಲ್ಲಿ ರಸ್ತೆ ಮತ್ತೆ ಹೆಂಡವನ್ನ ಒಟ್ಟಿಗೆ ಇಟ್ಟು ನೋಡಿದ್ದು ಅಂದ್ರೆ ಕೋರ್ಟು. 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೆದ್ದಾರಿಯಿಂದ 500 ಮೀಟರ್ ಒಳಗೆ ಹೆಂಡ ಮಾರಬಾರದು ಅಂತು. 2017ರಲ್ಲಿ ಅದು ಜಾರಿಗೆ ಬಂದಾಗ ಬಾರಿನವರು ಗೋಳಾಡಿದ್ರು, ಕೆಲವು ರಾಜ್ಯಗಳು ಹೆದ್ದಾರಿಯ ಹೆಸರನ್ನೇ ಬದಲಾಯಿಸಿ ಊರಿನ ರಸ್ತೆ ಅಂತ ಮಾಡಿದ್ವು, ಅದೇ ವರ್ಷ ಕೋರ್ಟೇ ಪಟ್ಟಣದ ಒಳಗೆ ಇದು ಅನ್ವಯಿಸಲ್ಲ ಅಂತ ಸಡಿಲ ಮಾಡ್ತು.

ಊರಿಗೆ ವಾಪಸ್ ಬಂದ್ಮೇಲೆ ಒಂದು ಸಂಜೆ ನಮ್ಮ ತಾಲ್ಲೂಕು ಕೇಂದ್ರದ ಎಂಆರ್‌ಪಿ ಅಂಗಡಿ ಎದುರಿನ ಟೀ ಅಂಗಡೀಲಿ ಅರ್ಧ ಗಂಟೆ ಕೂತಿದ್ದೆ, ಸುಮ್ಮನೆ ನೋಡೋಣ ಅಂತಲೇ. ಅಂಗಡಿಗೆ ಕಬ್ಬಿಣದ ಗ್ರಿಲ್ ಇದೆ, ಅದರಲ್ಲೊಂದು ಕೈ ಹೋಗುವಷ್ಟು ಕಿಂಡಿ. ಒಳಗಿರೋನಿಗೆ ಕಾಣೋದು ನೋಟು ಹಿಡಿದ ಕೈ. ಒಂದು ಬೈಕಲ್ಲಿ ಮೂರು ಹುಡುಗರು ಬಂದ್ರು, ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ, ಹೆಲ್ಮೆಟ್ ಯಾರಿಗೂ ಇಲ್ಲ, ಗಾಡಿ ಆಫ್ ಕೂಡ ಮಾಡ್ಲಿಲ್ಲ. ಹಿಂದೆ ಕೂತಿದ್ದವನು ಇಳಿದು ಹೋಗಿ ಕಿಂಡೀಲಿ ಕೈ ಹಾಕಿದ, ನಾಲ್ಕು ಟೆಟ್ರಾ ಪ್ಯಾಕ್ ಈಸ್ಕೊಂಡು ಜೇಬಿಗೆ ತುರುಕ್ಕೊಂಡ, ಹತ್ತಿದ, ಬೈಪಾಸ್ ಕಡೆ ಹೋದ್ರು.